ಎಂಟು ಬಿಟ್ಟು ನಾಲ್ಕಕ್ಕೆ

ರಟ್ಟೀಹಳ್ಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡ ಕರಬಸಪ್ಪನಿಗೆ ಇಂಥದೊಂದು ಹುಚ್ಚು ಎಲ್ಲಿಂದ ಅಂಟಿತೋ, ಊರಿಗೇ ಸೋಜಿಗ. ಐವತ್ತು ದಾಟಿದವರು ಹೊಲ ನೋಡುತ್ತಾರೆ, ಮಗಳಿಗೆ ವರ ನೋಡುತ್ತಾರೆ. ಈ ಮಹಾಶಯ ಹಳೇ ಕಂಪ್ಯೂಟರು ನೋಡುತ್ತಿದ್ದ. ಒಂಬತ್ತನೇ ಇಯತ್ತೆಯಲ್ಲಿದ್ದಾಗ ಹೈಸ್ಕೂಲಿಗೆ ಬಂದಿದ್ದ, ಟೀವಿಗೆ ಜೋಡಿಸುವ ಆ ಕಂಪ್ಯೂಟರು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಅದನ್ನು ಇವತ್ತಿನ ಲ್ಯಾಪ್‌ಟಾಪಿನೊಳಗೆ ಮತ್ತೆ ಜೀವಂತ ಮಾಡುವ ಪ್ರೋಗ್ರಾಮೊಂದನ್ನು ಅವನು ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲೆಯ ಹಿಂದೆ ಕುಳಿತು ಬರೆದಿದ್ದ.

ಬರೆದದ್ದು ಒಬ್ಬರ ಸಲುವಾಗಿ. ಆ ಕಂಪ್ಯೂಟರನ್ನು ಮಕ್ಕಳಿಗೆ ಕಲಿಸಿದವರು ಅಖ್ತರುನ್ನೀಸಾ ಅಕ್ಕೋರು. ಈಗ ನಿವೃತ್ತರಾಗಿ ಸವಣೂರಿನಲ್ಲಿದ್ದಾರೆ. ಬೇರೆ ಮಾಸ್ತರರು ಅದಕ್ಕೆ ಕುಂಕುಮ ಹಚ್ಚಿ, ಬಟ್ಟೆ ಹೊದಿಸಿ, ದೂರದಿಂದ ಕೈ ಮುಗಿಯುತ್ತಿದ್ದರೆ, ಈ ಅಕ್ಕೋರು ಬಟ್ಟೆ ಕಿತ್ತು ಪಕ್ಕಕ್ಕಿಟ್ಟು ಹುಡುಗರ ಕೈಯಲ್ಲಿ ಹುಲಿ-ಕುರಿ ಆಟವನ್ನೇ ಬರೆಸಿದ್ದರು. ಆ ಆಟವನ್ನು ಅವರೆದುರು ಮತ್ತೆ ನಡೆಸಬೇಕು, ಅವರ ಬಾಯಿಂದ ಇದು ನಮ್ಮದು ಅನ್ನಿಸಿಕೊಳ್ಳಬೇಕು. ಕರಬಸಪ್ಪನ ಆಸೆ ಇಷ್ಟೇ.

ಮೊದಲ ಸಲ ಹೋದಾಗ ಆ ಆಸೆ ಮಣ್ಣುಪಾಲಾಯಿತು. ಹೊಸ ಲ್ಯಾಪ್‌ಟಾಪಿನ ಪರದೆಯ ಮೇಲೆ ಹುಲಿ, ಕುರಿ, ಅಕ್ಷರ ಎಲ್ಲ ಕೆತ್ತಿಟ್ಟ ಹಾಗೆ ನಿಂತಿದ್ದವು. ಅಕ್ಕೋರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ಛಲೋ ಮಾಡೀದಿ. ಆದ್ರ ಇದು ನಮ್ಮ ಮಶೀನ್ ಅಲ್ಲ.”

ಏನು ತಪ್ಪಾಗಿದೆ ಎಂದು ಕೇಳಿದರೆ ಅವರಿಗೂ ಹೇಳಲು ಬರಲಿಲ್ಲ. ಅವನ ಮುಖ ಬಾಡಿದ್ದು ಕಂಡು, ಇರಲಿ, ನನ್ನ ಕಂಪ್ಯೂಟರಿಗೂ ಒಂದು ಹಾಕಿಕೊಡು, ಹೊತ್ತು ಹೋಗದಾಗ ಆಡುತ್ತೇನೆ ಎಂದರು. ಆಗಲಿ ಎಂದು ಬಂದ.

ತಕರಾರು ಶುರುವಾದದ್ದು ಇಲ್ಲಿಂದ. ಪ್ರೋಗ್ರಾಮು ಬರೆಯುವವರು ಎಲ್ಲವನ್ನೂ ಮೊದಲಿನಿಂದ ಬರೆಯುತ್ತ ಕೂರುವುದಿಲ್ಲ. ಚಿತ್ರ ಬಿಡಿಸುವುದು, ಸದ್ದು ಮಾಡುವುದು ಎಲ್ಲ ಸಿದ್ಧವಿರುವ ಒಂದು ತಳಪಾಯದ ಮೇಲೆ ಕಟ್ಟುತ್ತಾರೆ. ಅದಕ್ಕೇ ಫ್ರೇಮ್‌ವರ್ಕ್ ಎನ್ನುವುದು. ಕರಬಸಪ್ಪ ಕಟ್ಟಿದ್ದು ಎಂಟನೆಯ ಆವೃತ್ತಿಯ ಮೇಲೆ. ಅಕ್ಕೋರ ಮನೆಯಲ್ಲಿದ್ದ ಹಳೆಯ ಕಂಪ್ಯೂಟರೋ, ನಾಲ್ಕಕ್ಕಿಂತ ಮೇಲಿನದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಮಗಳು ಐಶ್ವರ್ಯ ಸೂಟಿಗೆ ಬಂದಿದ್ದಳು. ಜಗತ್ತೆಲ್ಲ ಮುಂದೆ ಹೋಗುವಾಗ ಒಬ್ಬರ ಸಲುವಾಗಿ ಹಿಂದೆ ಹೋಗುವುದು ಎಂಥ ಶಾಣ್ಯಾತನ ಎಂದು ಅಪ್ಪನನ್ನು ಕಾಡಿಸಿದಳು.

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕರ ಮೇಲೆ ಹೊಸದಾಗಿ ಕಟ್ಟಿದ. ಚಾಲೂ ಮಾಡಿದರೆ, ಶಿವನೇ, ಪರದೆ ಗಡಗಡ ನಡುಗುತ್ತಿದೆ. ಒಂದು ಕೀಲಿ ಒತ್ತಿದರೆ ಸಾಕು, ಹುಲಿಗೆ ಚಳಿಜ್ವರ ಬಂದ ಹಾಗೆ. ಎಂಟರಲ್ಲಿ ತಾನಾಗಿಯೇ ಆಗುತ್ತಿದ್ದ ಯಾವುದೋ ಕೆಲಸ ನಾಲ್ಕರಲ್ಲಿ ಆಗುತ್ತಿರಲಿಲ್ಲ. ತಲೆ ಕೆರೆದುಕೊಂಡ, ಇದ್ದಬದ್ದ ಕಡೆಯೆಲ್ಲ ಹುಡುಕಿದ, ದಾರಿ ಸಿಗಲಿಲ್ಲ.

“ಇದನ್ನ ತೋರ್ಸಿ ಇದ್ದ ಮರ್ಯಾದಿನೂ ಕಳಕೋಬ್ಯಾಡಪ್ಪ,” ಎಂದಳು ಐಶ್ವರ್ಯ.

ಬೇಜಾರಾದದ್ದು ಸುಳ್ಳಲ್ಲ. ಆದರೆ ಮಾತು ಕೊಟ್ಟಾಗಿತ್ತು. ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ಹಾವೇರಿಯಲ್ಲಿ ಬಸ್ಸು ಬದಲಿಸಿ ಸವಣೂರು ಮುಟ್ಟಿದ. ದಾರಿಯುದ್ದಕ್ಕೂ ಸಬೂಬಿನ ಮಾತು ಜೋಡಿಸಿದ್ದೇ ಜೋಡಿಸಿದ್ದು. ಅಕ್ಕೋರು ಖಾರ, ಚಹಾ ಮುಂದಿಟ್ಟರು. ಅವನು ಪ್ರೋಗ್ರಾಮು ಹಾಕಿ, ಇದು ಸರಿಯಾಗಿಲ್ಲರಿ, ಪರದೆ ಅಲುಗುತ್ತದೆ ಎಂದು ಮೊದಲೇ ಹೇಳಿಬಿಟ್ಟು, ಗೋಡೆ ಪಕ್ಕದ ಹಿಂದಿನ ಕುರ್ಚಿಗೆ ಸರಿದು ಕುಳಿತ.

ಅಕ್ಕೋರು ಒಂದು ಕುರಿ ನಡೆಸಿದರು. ಪರದೆ ನಡುಗಿತು. ಇನ್ನೊಂದು ನಡೆಸಿದರು. ಮತ್ತೂ ನಡುಗಿತು. ಆಗ ಅವರು ತಿರುಗಿಯೂ ನೋಡದೆ, ತರಗತಿಯ ಗಟ್ಟಿ ದನಿಯಲ್ಲಿ ಹೇಳಿದರು.

“ಹಿಂದ ಕುಂತಾವ ಯಾರು, ಆ ಫ್ಯಾನ್ ಬಂದ್ ಮಾಡು.”

ಕರಬಸಪ್ಪನಿಗೆ ಹೈಸ್ಕೂಲಿನ ಆ ಕೋಣೆ ನೆನಪಾಯಿತು. ಆಗ ಊರಿನ ಕರೆಂಟಿನಲ್ಲಿ ಜೀವವೇ ಇರುತ್ತಿರಲಿಲ್ಲ. ಫ್ಯಾನು ತಿರುಗುತ್ತಿದ್ದರೆ ಆ ಟೀವಿಯಲ್ಲಿ ಚಿತ್ರ ಹೀಗೇ ನಡುಗುತ್ತಿತ್ತು, ಬಂದ್ ಮಾಡಿದರೆ ತುಸು ನಿಲ್ಲುತ್ತಿತ್ತು. ಬೆವರು ಸುರಿಸುತ್ತ ಕಲಿತ ಹುಡುಗರೆಲ್ಲ ನಡುಗುವುದು ಕಂಪ್ಯೂಟರಿನ ಗುಣವೇ ಅಂದುಕೊಂಡಿದ್ದರು; ದೊಡ್ಡವರಾದ ಮೇಲೆ ಅದನ್ನೂ ಮರೆತಿದ್ದರು. ಫ್ಯಾನಿನ ಗುಂಡಿ ಇದ್ದದ್ದು ಹಿಂದಿನ ಬೆಂಚಿನ ಪಕ್ಕ. ಅಲ್ಲಿ ಕೂರುತ್ತಿದ್ದವನು ಇವನೇ.

ಅವನು ಎದ್ದು ಫ್ಯಾನ್ ಬಂದ್ ಮಾಡಿದ.

ಪರದೆಯ ನಡುಕವೇನೂ ನಿಲ್ಲಲಿಲ್ಲ. ಅಕ್ಕೋರು ಈಗ ತಿರುಗಿ ಅವನನ್ನು ನೋಡಿದರು, ತಮ್ಮ ಮನೆಯ ಫ್ಯಾನನ್ನು ನೋಡಿದರು. ನಗಲು ಹೋದರು, ಕಣ್ಣು ತುಂಬಿ ಬಂತು.

“ಇದು ನಮ್ಮದ ಐತಿ, ಕರಬಸಪ್ಪ.”

ಅಷ್ಟರಲ್ಲಿ ಐಶ್ವರ್ಯಳ ಫೋನು ಬಂತು. ನಾಲ್ಕರಲ್ಲೂ ಪರದೆ ಅಲುಗದಂತೆ ಮಾಡುವ ದಾರಿ ಸಿಕ್ಕಿದೆ, ಈಗಲೇ ಕಳಿಸಲೇ ಎಂದು ಕೇಳಿದಳು.

“ಬ್ಯಾಡವ್ವ,” ಎಂದ ಕರಬಸಪ್ಪ, ಹಣೆಯ ಬೆವರು ಒರೆಸಿಕೊಳ್ಳುತ್ತ. “ಈಗ ಸರಿ ಆಗೇತಿ.”