ಹೊತ್ತಿಗೆ ಸರಿಯಾಗಿ ಹೊರಟ ಮೇಸ್ತ್ರಿ

“ಜೇಬು ತೋರಿಸು,” ಎಂದಳು ಮೇಸ್ತ್ರಿಯ ಹೆಂಡತಿ.

ಬಾಗಿಲಲ್ಲಿ ನಿಂತಿದ್ದ ಕುಳ್ಳ, ಕೋಟಿನ ಒಳಜೇಬಿನಿಂದ ಕೊಂಬೆ ಕತ್ತರಿಸುವ ಕತ್ತರಿ ತೆಗೆದು ಅವಳ ಕೈಗಿಟ್ಟ. ಆರಡಿ ದಾಟಿದ ಆಳು. ಅವನಿಗೆ ಕುಳ್ಳ ಅಂತ ಹೆಸರಿಟ್ಟ ಮೇಸ್ತ್ರಿ ಈಗ ಒಳಗೆ, ನಡುಮನೆಯಲ್ಲಿ, ಪೆಟ್ಟಿಗೆಯೊಳಗೆ ಮಲಗಿದ್ದ.

“ಸಾವಿನ ಮನೆಗೆ ಯಾರಾದ್ರೂ ಕತ್ತರಿ ತರ್ತಾರೇನೋ?”

“ಅಭ್ಯಾಸ ಅಕ್ಕಾ. ಕೈ ತಾನಾಗೇ ಜೇಬಿಗೆ ಹಾಕ್ಕೊಂಡ್ಬಿಡ್ತು.”

“ನಿಂದೇನಪ್ಪಾ?”

ಬಡಗಿ ತಲೆ ತಗ್ಗಿಸಿ ಒಂದು ಸುತ್ತಿಗೆ, ಒಂದು ಹಿಡಿ ಮೊಳೆ ಕೊಟ್ಟ. ಅವನ ಹಿಂದೆ ನಿಂತಿದ್ದ ಇಬ್ಬರು ಕೇಳುವ ಮೊದಲೇ ತಂತಿಸುರುಳಿ, ಕುಡುಗೋಲು ಹೊರತೆಗೆದರು. ಎಲ್ಲವನ್ನೂ ಅವಳು ಕಿಟಕಿಕಟ್ಟೆಯ ಮೇಲೆ ಪೇರಿಸಿದಳು. ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ ಮಗಳು ಅದನ್ನು ನೋಡಿ ಫಕ್ಕನೆ ನಕ್ಕುಬಿಟ್ಟಳು.

ಹೊಲಗದ್ದೆಗಳ ನಡುವೆ, ಗುಡ್ಡದ ಮೇಲೆ ಹೋಗುವ ಕಾಲುದಾರಿಗಳನ್ನು ನೋಡಿಕೊಳ್ಳುವ ತಂಡ ಅದು. ಮುಳ್ಳು ಸವರುವುದು, ಮೆಟ್ಟಿಲು ಕೂರಿಸುವುದು, ಬೇಲಿಗೇಟು ನೇತುಹಾಕುವುದು, ನೀರು ಹರಿಯಲು ಕಾಲುವೆ ತೋಡುವುದು. ಮೇಸ್ತ್ರಿ ಅವರಿಗೆ ಕಲಿಸಿದ್ದ ಕಟ್ಟಳೆ ಒಂದೇ: ಕೆಟ್ಟಿದ್ದು ಕಣ್ಣಿಗೆ ಬಿದ್ದರೆ ಸರಿಮಾಡಿಯೇ ಮುಂದಕ್ಕೆ ಹೋಗಬೇಕು. ಮದುವೆಗೆ ಹೊರಟಿರಲಿ, ಆಸ್ಪತ್ರೆಗೆ ಹೊರಟಿರಲಿ.

“ಕೇಳ್ರಪ್ಪಾ,” ಎಂದಳು ಅವಳು. “ಇವತ್ತು ದಾರೀಲಿ ಏನೇ ಕಂಡ್ರೂ ಯಾರೂ ಮುಟ್ಟಂಗಿಲ್ಲ. ಅವರು ಜೀವಮಾನದಲ್ಲಿ ಒಂದ್ಸಲಾನೂ ಹೊತ್ತಿಗೆ ಸರಿಯಾಗಿ ಎಲ್ಲಿಗೂ ಹೋದವರಲ್ಲ. ಇವತ್ತಾದ್ರೂ ಹೋಗ್ಲಿ. ಮಾತು ಕೊಡಿ.”

ನಾಲ್ವರೂ ಮಾತು ಕೊಟ್ಟರು. ಅವಳ ಅಣ್ಣ ಮಾತ್ರ ನಂಬಲಿಲ್ಲ.

“ವ್ಯಾನ್ ತಂದಿದ್ದೀನಿ, ರಸ್ತೆ ಮೇಲೆ ಹೋಗೋಣ. ಆ ಕಾಲುದಾರಿಗೆ ಇಳಿದ್ರೆ ನಿನ್ನ ಗಂಡ ಇವತ್ತಿಗೆ ತಲುಪೋ ಆಸಾಮಿ ಅಲ್ಲ.”

“ಅವರು ಮಾಡಿದ ದಾರೀಲೇ ಅವರನ್ನ ಕರ್ಕೊಂಡು ಹೋಗ್ತೀನಿ, ಹೊತ್ತಿಗೆ ಸರಿಯಾಗೇ ಬರ್ತೀನಿ. ನೀನು ಮೊದ್ಲೇ ಹೋಗಿ ಸ್ಮಶಾನದ ಗೇಟಲ್ಲಿ ಗಡಿಯಾರ ನೋಡ್ತಾ ನಿಂತಿರು.”

✦

ಅಣ್ಣನ ಮೇಲಿನ ಈ ಸಿಟ್ಟು ಮದುವೆಯ ದಿನದ್ದು. ಅವತ್ತು ನೆಂಟರೆಲ್ಲ ಬಂದು ಕೂತು, ಕುರ್ಚಿಯಲ್ಲೇ ತೂಕಡಿಸಿದರೂ ಮದುಮಗನ ಸುಳಿವಿರಲಿಲ್ಲ. ಅವಳಪ್ಪ ಶತಪಥ ಹಾಕುತ್ತಿದ್ದರು. ಕೊನೆಗೂ ಬಂದ, ಮಂಡಿಯವರೆಗೆ ಮಣ್ಣು ಮೆತ್ತಿಕೊಂಡು. ಗುಡ್ಡದ ದಾರಿಯಲ್ಲಿ ಒಂದು ಮೆಟ್ಟಿಲು ಕಿತ್ತುಹೋಗಿತ್ತಂತೆ.

“ಅದೇ ದಾರೀಲಿ ನಿಮ್ಮ ಕಡೆಯ ಮುದುಕರೂ ವಾಪಸ್ ಹೋಗ್ಬೇಕಲ್ಲ, ಬಿದ್ದುಗಿದ್ದಾರು,” ಎಂದಿದ್ದ, ತಪ್ಪೇ ಮಾಡಿಲ್ಲದವನ ಹಾಗೆ.

ಅಣ್ಣ ಎಲ್ಲರಿಗೂ ಕೇಳುವಂತೆ, “ಬಿಡಿ, ಈ ಮಹಾಶಯ ತನ್ನ ಹೆಣ ಹೂಳೋ ಹೊತ್ತಿಗೂ ತಡವಾಗೇ ಬರ್ತಾನೆ,” ಎಂದ. ಇಡೀ ಸಭೆ ಗೊಳ್ಳೆಂದಿತು. ಮದುಮಗನೂ ನಕ್ಕ. ನಗದವಳು ಅವಳೊಬ್ಬಳೇ. ಆಮೇಲೆ ಪ್ರತಿ ಸಮಾರಂಭದಲ್ಲೂ ಅಣ್ಣ ಆ ಮಾತನ್ನು ಹೊಸದೆಂಬಂತೆ ಹೇಳುತ್ತ ಬಂದಿದ್ದ. ಅದನ್ನು ಸುಳ್ಳು ಮಾಡಲು ಅವಳಿಗೆ ಉಳಿದಿದ್ದು ಇದೊಂದೇ ದಿನ.

✦

ಮೆರವಣಿಗೆ ದಾರಿಗಿಳಿಯಿತು. ಮುಂದೆ ಕುಳ್ಳ ಮತ್ತು ಬಡಗಿ, ಹಿಂದೆ ಇನ್ನಿಬ್ಬರು. ಪೆಟ್ಟಿಗೆಯ ಮೇಲೆ ಮಗಳು ಹೂವನ್ನು ರಾಶಿಯೇ ಹೇರಿದ್ದಳು. ಬಿಸಿಲು ಹಿತವಾಗಿತ್ತು, ಹಕ್ಕಿಗಳು ಗಲಾಟೆ ಮಾಡುತ್ತಿದ್ದವು.

ಮೊದಲನೇ ಗೇಟು ಕಿರ್ರೆಂದಿತು. ಬಡಗಿಯ ಮುಖ ಹಲ್ಲುನೋವು ಬಂದವನ ಹಾಗಾಯಿತು.

“ಕೀಲು ಸಡಿಲ ಆಗಿದೆ ಅಕ್ಕಾ. ಎರಡೇ ಮೊಳೆ.”

“ನಡಿ.”

ಮುಂದೆ ಒಂದು ಮುಳ್ಳುಕೊಂಬೆ ದಾರಿಗೆ ಚಾಚಿತ್ತು. ಕುಳ್ಳ ಅದನ್ನು ನೋಡಿದ, ಅವಳನ್ನು ನೋಡಿದ.

“ನೋಡ್ಬೇಡ. ಬಗ್ಗಿ ನಡಿ.”

“ಮೇಸ್ತ್ರಿ ಇದ್ದಿದ್ರೆ ನನ್ನ ಕಿವಿ ಹಿಂಡ್ತಿದ್ರು.”

“ಮೇಸ್ತ್ರಿ ನಿನ್ನ ಹೆಗಲ ಮೇಲೇ ಇದ್ದಾರೆ, ಬೇಕಾದ್ರೆ ಹಿಂಡ್ಲಿ,” ಎಂದಳು. ಹಿಂದಿನವರಿಗೆ ನಗು ತಡೆಯಲಾಗದೆ ಪೆಟ್ಟಿಗೆಯೇ ಅಲುಗಾಡಿತು. ಪಾಪ, ನಾಲ್ವರೂ ಕೊಟ್ಟ ಮಾತಿಗೆ ತಪ್ಪಲಿಲ್ಲ. ಸಡಿಲ ಕಲ್ಲನ್ನು ಕಂಡರೂ ಕಾಣದವರಂತೆ ದಾಟಿ, ಒಬ್ಬರನ್ನೊಬ್ಬರು ನೋಡಿ ನಿಟ್ಟುಸಿರು ಬಿಟ್ಟರು.

ದಿಬ್ಬ ಇಳಿಯುತ್ತಿದ್ದಂತೆ ಎದುರಿನ ಏರಿನಲ್ಲಿ ಸ್ಮಶಾನದ ಗೇಟು ಕಂಡಿತು. ಅಲ್ಲಿ ಅಣ್ಣ ನಿಂತಿದ್ದ. ಇನ್ನೂ ಬೇಕಾದಷ್ಟು ಹೊತ್ತಿತ್ತು. ಅವಳ ಎದೆ ಹಗುರವಾಯಿತು.

ಆಗ ಕಾಲು ಪಚಕ್ಕೆಂದಿತು.

ದಿಬ್ಬದ ಬುಡದಲ್ಲಿ ದಾರಿಗೆ ಅಡ್ಡವಾಗಿದ್ದ ಕಾಲುವೆ ಎಲೆ, ಮಣ್ಣು ತುಂಬಿ ಕಟ್ಟಿಕೊಂಡಿತ್ತು. ನೀರು ದಾರಿಯ ಮೇಲೆಲ್ಲ ಹರಡಿ ನಿಂತಿತ್ತು. ಕೆಸರಿನ ಅಂಚಿನುದ್ದಕ್ಕೂ ಪುಟ್ಟ ಪುಟ್ಟ ಬೂಟಿನ ಗುರುತುಗಳಿದ್ದವು. ಶಾಲೆಗೆ ಹೋಗುವ ಮಕ್ಕಳು ಸುತ್ತಿ ಬಳಸಿ ದಾಟಲು ನೋಡಿದ್ದರು. ಒಂದು ಕಡೆ ಯಾವುದೋ ಮಗು ಜಾರಿ ಅಂಗೈ ಊರಿತ್ತು.

✦

ಮಗಳು ಶಾಲೆಗೆ ಸೇರಿದ ಹೊಸತರಲ್ಲಿ ಒಂದು ಸಂಜೆ ಮನೆಗೆ ನೆಂಟರು ಬಂದಿದ್ದರು. ಗಂಡ ಬಂದಿದ್ದು ಅವರೆಲ್ಲ ಉಂಡು ಹೋದ ಮೇಲೆ.

“ಆ ದಾರೀನೇ ಕಟ್ಕೋಬೇಕಿತ್ತು ನೀವು, ನನ್ನನ್ಯಾಕೆ ಕಟ್ಕೊಂಡ್ರಿ?” ಎಂದು ಕೂಗಾಡಿದ್ದಳು.

ಅವನು ಉಗುರಿನ ಮಣ್ಣು ತಿಕ್ಕುತ್ತ, “ದಿಬ್ಬದ ಹತ್ರ ಒಂದು ಕಾಲುವೆ ತೋಡ್ತಿದ್ದೆ ಕಣೇ. ಮುಂದಿನ ಸಲ ಹೊತ್ತಿಗೆ ಸರಿಯಾಗಿ ಬರ್ತೀನಿ,” ಎಂದ.

ಮರುದಿನ ಮಗಳು ಶಾಲೆಯಿಂದ ಕುಣಿಯುತ್ತ ಬಂದಳು. “ಅಮ್ಮಾ, ಇವತ್ತು ಬೂಟು ಒದ್ದೆ ಆಗ್ಲೇ ಇಲ್ಲ!”

ಆ ಪುಟ್ಟ ಬೂಟುಗಳನ್ನು ಕೈಯಲ್ಲಿ ಹಿಡಿದಾಗ ಅವಳಿಗೆ ಗಂಡನ ಮೇಲೆ ಉಕ್ಕಿ ಬಂದದ್ದು ಪ್ರೀತಿಯೇ. ಆದರೂ ಸೋಲೊಪ್ಪಬಾರದೆಂದು ರಾತ್ರಿಯವರೆಗೆ ಮುಖ ಊದಿಸಿಕೊಂಡೇ ಇದ್ದಳು.

✦

“ಇಳಿಸ್ರಪ್ಪಾ,” ಎಂದಳು.

“ಅಕ್ಕಾ, ಮಾತು ಕೊಟ್ಟಿದ್ದೀವಿ—”

“ಕೊಟ್ಟಿದ್ದು ನನಗೆ ತಾನೆ? ವಾಪಸ್ ತಗೊಳ್ಳಿ. ಇಳಿಸಿ.”

ದಾರಿಹೋಕರಿಗೆಂದು ಮೇಸ್ತ್ರಿಯೇ ಹಾಕಿಸಿದ್ದ ಮರದ ಬೆಂಚಿನ ಮೇಲೆ ಪೆಟ್ಟಿಗೆ ಇಳಿಸಿದರು. ಅವಳು ಸುತ್ತ ನೋಡಿದಳು. ಹತಾರಗಳೆಲ್ಲ ಮನೆಯ ಕಿಟಕಿಕಟ್ಟೆಯ ಮೇಲೆ ಕೂತಿದ್ದವು.

ಮಗಳು ಮೆಲ್ಲಗೆ ಪೆಟ್ಟಿಗೆಯ ಮೇಲಿನ ಹೂವು ಸರಿಸಿದಳು. ಅಡಿಯಲ್ಲಿ ಅಪ್ಪನ ಗುದ್ದಲಿ ಇತ್ತು.

“ಅಪ್ಪನ ಜೊತೆಗೇ ಹೋಗ್ಲಿ ಅಂತ ಇಟ್ಟೆ. ಬೈತೀಯ ಅಂತ ಹೇಳ್ಲಿಲ್ಲ.”

“ಅಪ್ಪನ ಮಗಳೇ ನೀನು! ಇವರ ಜೇಬು ನೋಡಿದ ನಾನು ನಿನ್ನನ್ನ ನೋಡ್ಲಿಲ್ಲ ನೋಡು,” ಎಂದು ಅವಳು ಗುದ್ದಲಿ ಎತ್ತಿಕೊಂಡಳು. ಸವೆದ ಹಿಡಿ ಅವಳ ಕೈಗೂ ಸರಿಯಾಗಿ ಕೂತಿತು.

ಮೊದಲ ಏಟು ಅವಳೇ ಹಾಕಿದಳು. ಆಮೇಲೆ ಕುಳ್ಳ ಕೋಟು ಬಿಚ್ಚಿ ಎಸೆದು ಬರಿಗೈಯಲ್ಲಿ ಎಲೆ ಬಾಚತೊಡಗಿದ. ಬಡಗಿ ಮಂಡಿಯೂರಿ ಕಾಲುವೆಯ ಬಾಯಲ್ಲಿ ಸಿಕ್ಕಿಕೊಂಡಿದ್ದ ಕಲ್ಲು ಕಿತ್ತ. ನೀರು ಗುಳುಗುಳು ಎಂದಿತು, ತಡೆಯಿತು, ಆಮೇಲೆ ಒಮ್ಮೆಲೇ ಹೊಲದ ಕಡೆ ನುಗ್ಗಿತು. ಹಿಂದಿದ್ದವರೆಲ್ಲ “ಓ!” ಎಂದು ಕೂಗಿದರು, ಸಾವಿನ ಮೆರವಣಿಗೆ ಅನ್ನುವುದನ್ನೇ ಮರೆತು.

“ಹೊರಡೋಣ್ವಾ ಅಕ್ಕಾ? ಹೊತ್ತು ಮೀರ್ತಾ ಇದೆ.”

“ತಡಿ. ಪೂರ್ತಿ ಹರಿದು ಹೋಗ್ಲಿ.”

ಎದುರಿನ ಏರಿನಲ್ಲಿ ಅಣ್ಣ ಒಂದು ಕೈ ಎತ್ತಿ, ಇನ್ನೊಂದು ಕೈಯಿಂದ ಗಡಿಯಾರ ತಟ್ಟಿ ತೋರಿಸುತ್ತಿದ್ದ. ಅವಳು ಕೆಸರು ಸೋರುತ್ತಿದ್ದ ಗುದ್ದಲಿಯನ್ನು ತಲೆಯ ಮೇಲೆತ್ತಿ, ಅವನಿಗೆ ಚೆನ್ನಾಗಿ ಕಾಣುವಂತೆ ಹಿಡಿದು ನಿಂತಳು.