ಮೊದಲು ಹೇಳಿದವರ ಬಕೆಟ್

ನನ್ನ ಗಂಡನ ಮನೆಯವರಿಗೆ ನಾರ್ವೆಯ ಉತ್ತರ ಕರಾವಳಿಯ ಒಂದು ದ್ವೀಪದಲ್ಲಿ ಪುಟ್ಟ ಮರದ ಮನೆಯಿದೆ. ಬುದ್ಧಿ ನೆಟ್ಟಗಿರುವವರು ಅಂಥ ಕಡೆ ಬೇಸಿಗೆಯಲ್ಲಿ ಹೋಗುತ್ತಾರೆ. ಇವರು ಫೆಬ್ರವರಿಯಲ್ಲಿ, ಕಾಡ್ ಎಂಬ ಮೀನು ದಡದ ಹತ್ತಿರ ಬರುವ ಕಾಲಕ್ಕೆ ಹೋಗಿ ನಾಲ್ಕು ದಿನ ನಡುಗುತ್ತಾರೆ. ಇದಕ್ಕೆ ರಜೆ ಎಂದು ಹೆಸರು.

ನಡುಗಬಹುದು, ಆದರೆ ಬಾಯಿಬಿಟ್ಟು ಹೇಳುವಂತಿಲ್ಲ. ಅದು ತೀರಿಕೊಂಡ ಮಾವ ಹಾಲ್ವರ್ ಮಾಡಿಟ್ಟ ಕಟ್ಟಳೆ. 'ಚಳಿ' ಎಂದು ಮೊದಲು ಅಂದವರು ಅಲ್ಲಿರುವಷ್ಟು ದಿನವೂ ಪಾಯಿಖಾನೆಯ ಬಕೆಟ್ ಹೊತ್ತು ಖಾಲಿ ಮಾಡಬೇಕು, ಅವರ ಹೆಸರು ಮನೆಯ ಪುಸ್ತಕದಲ್ಲಿ ಬೀಳಬೇಕು. ಓಸ್ಲೋದಿಂದ ಬಂದ ಸೊಸೆಯಾದ ನನ್ನ ಹೆಸರು ಹದಿನಾಲ್ಕು ವರ್ಷದಲ್ಲಿ ಹನ್ನೊಂದು ಸಲ ಬಿದ್ದಿದೆ. ಅತ್ತೆ ಬೊರ್ಗಿಲ್ಡ್ ಅವರ ಹೆಸರು ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಇಲ್ಲ.

ಹೋದ ವರ್ಷ ಅಲ್ಲಿಂದ ಬಂದ ಮೇಲೆ ಅತ್ತೆ ಒಂದು ತಿಂಗಳು ಕೆಮ್ಮಿದರು. ಅವರಿಗೀಗ ಎಂಬತ್ತೊಂದು. ಹಾಗಾಗಿ ಈ ಸಲ ದೋಣಿ ಹತ್ತುವ ಮುಂಚೆಯೇ ನನ್ನ ಗಂಡ ಸ್ವೆರೆ ಮಾತು ತೆಗೆದ.

"ಅಮ್ಮಾ, ಈ ಸಲ ನೀನೇ ಮೊದ್ಲು ಆ ಮಾತು ಅಂದ್ರೆ, ಇನ್ನು ಚಳಿಗಾಲದಲ್ಲಿ ಈ ಮನೆಗೆ ಬೀಗ. ಬೇಸಿಗೇಲಿ ಬರೋಣ."

"ಬೇಸಿಗೇಲಿ ಬರೋಕೆ ನಾನೇನು ಟೂರಿಸ್ಟಾ?" ಅಂದರು ಅತ್ತೆ. "ಆಯ್ತು, ಒಪ್ಪಿದೆ. ನಿಂಗೆ ಬಕೆಟ್ ಹೊರೋ ಅಭ್ಯಾಸ ಇದೆಯಾ, ಹೇಳು."

ನಾದಿನಿ ಒದ್ನಿ ನಕ್ಕಳು. ನಾನು ನಗಲಿಲ್ಲ. ಆ ಮನೆಯಲ್ಲಿ ಮಾವನ ಕೋಟು ಇನ್ನೂ ಅದೇ ಮೊಳೆಗೆ ನೇತಾಡುತ್ತದೆ. ಅತ್ತೆ ಅಲ್ಲಿಗೆ ಬರುವುದು ಮೀನಿಗಾಗಿ ಅಲ್ಲ ಎಂದು ನನಗೆ ಗೊತ್ತಿತ್ತು.

ಮೊದಲ ದಿನ ಅತ್ತೆ ಬೇಕೆಂದೇ ಗಾಳಿ ನುಸುಳುವ ಕಿಟಕಿಯ ಪಕ್ಕ ಕೂತು ಕಾಲುಚೀಲ ಹೆಣೆದರು. ಅವರು ಮಾವನ ಉಣ್ಣೆಯ ಉದ್ದ ಚಡ್ಡಿಯನ್ನೂ ಒಳಗೆ ಹಾಕಿಕೊಂಡದ್ದು ನನ್ನ ಕಣ್ಣಿಗೆ ಬಿತ್ತು.

"ಅತ್ತೆ, ಒಲೆ ಹತ್ರ ಬನ್ನಿ," ಎಂದೆ.

"ಅಲ್ಲಿ ಸೆಖೆ ಕಣೇ."

ಎರಡನೆಯ ದಿನ ದಡದ ಮೇಲೆ ನಿಂತು ಗಾಳ ಹಾಕಿ ಒಂದು ಮೀನು ಹಿಡಿದರು. ವಾಪಸು ಬಂದಾಗ ಬೆರಳುಗಳು ಬೆಳ್ಳಗಾಗಿದ್ದವು. ಮೀನು, ಅದರ ಲಿವರ್, ಮೊಟ್ಟೆ ಎಲ್ಲ ಬೇಯಿಸಿ ಬಡಿಸಿದೆ. ಅತ್ತೆ ತಟ್ಟೆಯ ಬಿಸಿಗೆ ಕೈ ಇಟ್ಟುಕೊಂಡು ಬಹಳ ಹೊತ್ತು ಊಟ ಮಾಡಿದರು.

"ಅಮ್ಮಂಗೆ ಈ ವರ್ಷ ಮೀನು ತುಂಬ ಇಷ್ಟ ಆದಂಗಿದೆ," ಅಂದ ಸ್ವೆರೆ. ಅವನಿಗೆ ಗೆಲುವು ಹತ್ತಿರ ಬಂದಂತೆ ಕಂಡಿತ್ತು.

ಮೂರನೆಯ ದಿನ ಬೆಳಿಗ್ಗೆ ಒಲೆ ಆರಿತ್ತು. ಸೌದೆ ಒಳಗೆ ತಂದಿಡುವುದು ಸ್ವೆರೆಯ ಕೆಲಸ, ಮರೆತಿದ್ದ. ಹೊರಗಿದ್ದ ಸೌದೆಯ ಮೇಲೆಲ್ಲ ಹಿಮ. ಹಿಂದಿನ ದಿನದ ಕಾಫಿಯನ್ನೇ ಸ್ಪಿರಿಟ್ ಸ್ಟವ್ ಮೇಲೆ ಬೆಚ್ಚಗೆ ಮಾಡಿ ಕೊಟ್ಟೆ. ಅತ್ತೆಯ ಕೈಯಲ್ಲಿ ಕಪ್ ಬಸಿಯ ಮೇಲೆ ಟಕಟಕ ಅನ್ನತೊಡಗಿತು. ತುಟಿ ನೀಲಿಯಾಗಿತ್ತು. ಅವರು ಕಪ್ ಕೆಳಗಿಟ್ಟು, ಮೊಳೆಯ ಮೇಲಿದ್ದ ಕೋಟನ್ನು ಒಮ್ಮೆ ನೋಡಿ, ಬಾಯಿ ತೆರೆದರು.

"ಇವತ್ತು..."



"ಅಬ್ಬಬ್ಬಾ, ಏನ್ ಚಳಿಯಪ್ಪಾ," ಅಂದ ಸ್ವೆರೆ.

ಒದ್ನಿ ಅಣ್ಣನನ್ನೇ ನೋಡಿದಳು. ಅವನು ಮಾತ್ರ ಯಾರನ್ನೂ ನೋಡದೆ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಹದಿನಾಲ್ಕು ವರ್ಷ ಸಂಸಾರ ಮಾಡಿದ ಆ ಮೊಂಡನ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲು.

"ಪುಸ್ತಕ ತಾ," ಅಂದರು ಅತ್ತೆ. ನಡುಗುವ ಅಕ್ಷರದಲ್ಲಿ ಮಗನ ಹೆಸರು ಬರೆದರು. "ಬಕೆಟ್ ಬಾಗ್ಲ ಹಿಂದೆ ಇದೆ. ಚೆಲ್ಲಬೇಡ. ಮುಂದಿನ ವರ್ಷ ದಪ್ಪ ಸ್ವೆಟರ್ ತಗೊಂಡ್ ಬಾ, ನಿಂಗೆ ತಡೆಯೋ ಶಕ್ತಿ ಇಲ್ಲ."

"ಆಯ್ತಮ್ಮ," ಎಂದು ಅವನು ಬಕೆಟ್ ಎತ್ತಿಕೊಂಡು ಹೊರಟ.

ಬಾಗಿಲು ಮುಚ್ಚಿತು. ಒದ್ನಿ ಒಲೆಯ ಮುಂದೆ ಕೂತು ಹಸಿ ಸೌದೆಯನ್ನು ಊದುತ್ತಿದ್ದಳು. ನಾನು ಅತ್ತೆಯ ಪಕ್ಕ ಕೂತೆ.

"ಅತ್ತೆ, ಆಗ ಏನು ಹೇಳೋಕೆ ಹೊರಟಿದ್ರಿ?"

"ಇವತ್ತು ಕಾಫಿ ನೀರ್ ನೀರಾಗಿದೆ ಅಂತ."

ಆಮೇಲೆ ತಮ್ಮ ಎರಡೂ ಕೈಗಳನ್ನು ನನ್ನ ಅಂಗೈಯೊಳಗೆ ತುರುಕಿದರು. ಹಿಮದಲ್ಲಿ ಬಿದ್ದ ಕಲ್ಲಿನ ಹಾಗಿದ್ದವು.

"ನಿನ್ನ ಕೈ ಬೆಚ್ಚಗಿದೆ," ಅಂದರು. "ಅವನು ಬರೋವರೆಗೂ ಬಿಡಬೇಡ."