ಹಲಗೆಯ ಕೊನೆಯ ಸಾಲು

ನಮ್ಮ ಹೋಬೋಡನ್ನಿನ ಊರಸಭೆಗೆ ಬರುವಷ್ಟು ಜನ ಇಡೀ ಸ್ವಿಟ್ಜರ್ಲೆಂಡಿನಲ್ಲಿ ಬೇರೆ ಯಾವ ಊರಿನ ಸಭೆಗೂ ಬರಲಿಕ್ಕಿಲ್ಲ. ಕಾಲು ಮುರಿದವರು ಊರುಗೋಲು ಹಿಡಿದು ಬರುತ್ತಾರೆ. ಜ್ವರ ಬಂದವರು ಕಂಬಳಿ ಹೊದ್ದು ಬರುತ್ತಾರೆ. ಒಮ್ಮೆ ಹಸಿ ಬಾಣಂತಿಯೊಬ್ಬಳು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. ಪೇಟೆಯ ಪತ್ರಿಕೆಯವನೊಬ್ಬ ಇದನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡ. ಪ್ರಜಾಪ್ರಭುತ್ವ ಇನ್ನೂ ಉಸಿರಾಡುತ್ತಿರುವುದು ಈ ಬೆಟ್ಟದ ಮೇಲೆ ಮಾತ್ರ ಎಂದು ಅರ್ಧ ಪುಟ ಬರೆದ. ಅದನ್ನು ಕತ್ತರಿಸಿ ನನ್ನ ಹೋಟೆಲಿನ ಗೋಡೆಗೆ ಅಂಟಿಸಿದ್ದೇವೆ. ನಿಜ ಹೇಳಿ ಪಾಪದವನ ಮನಸ್ಸು ನೋಯಿಸುವುದೇಕೆಂದು ಸುಮ್ಮನಿದ್ದೆವು. ನಿಜವೇನೆಂದರೆ, ಸಭೆಗೆ ಬಾರದವನನ್ನು ಹಿಡಿದು ನಾವು ಅಧ್ಯಕ್ಷನನ್ನಾಗಿ ಮಾಡುತ್ತೇವೆ.

ನಮ್ಮ ಪ್ರಾಂತದ ಕಾಯಿದೆಯೇ ಹಾಗಿದೆ. ಊರು ಆರಿಸಿದರೆ ಒಲ್ಲೆ ಎನ್ನುವಂತಿಲ್ಲ. ಎರಡು ಅವಧಿ ದುಡಿದವರಿಗೆ ಬಿಡುಗಡೆ, ಅರುವತ್ತೈದು ತುಂಬಿದವರಿಗೆ ಬಿಡುಗಡೆ. ಮಿಕ್ಕವರು ತಪ್ಪಿಸಿಕೊಳ್ಳಬೇಕೆಂದರೆ ಗಂಟುಮೂಟೆ ಕಟ್ಟಿ ಬೇರೆ ಊರು ಸೇರಬೇಕು. ಎದುರಿಗೆ ಕೂತವನ ಮುಖ ನೋಡುತ್ತ ಅವನ ಕುತ್ತಿಗೆಗೆ ನೊಗ ಹಾಕಲು ನಮಗೆ ದಾಕ್ಷಿಣ್ಯ. ಇಲ್ಲದವನ ಮೇಲೆ ಎಂಥ ದಾಕ್ಷಿಣ್ಯ? ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದರಲ್ಲಿ ನಮ್ಮೂರವರು ಎತ್ತಿದ ಕೈ. ಈ ಸಲ ಕೆಳಗಿಳಿಯಬೇಕಾಗಿದ್ದ ಅಧ್ಯಕ್ಷ ಮೆಲ್ಕ್ ಬಿಸ್ಸಿಗ್ ಮೊದಲ ಸಲ ಆಯ್ಕೆಯಾದದ್ದು ಮೂತ್ರಕ್ಕೆಂದು ಹೊರಗೆ ಹೋಗಿದ್ದಾಗ. ಕೈ ತೊಳೆದುಕೊಂಡು ಬರುವಷ್ಟರಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅಂದಿನಿಂದ, ಸಭೆಯ ದಿನ ಚುನಾವಣೆ ಮುಗಿಯುವವರೆಗೆ ನನ್ನ ಹೋಟೆಲಿನಲ್ಲಿ ಯಾರೂ ಬಿಯರ್ ಮುಟ್ಟುವುದಿಲ್ಲ. ಪ್ರಜಾಪ್ರಭುತ್ವದಿಂದ ನನಗಾದ ನಷ್ಟ ಇದು.

ನನ್ನ ಹೆಸರು ಓಟಿಲಿಯಾ. ಊರಿಗೆ ಇರುವ ಒಂದೇ ಹೋಟೆಲು ನನ್ನದು. ಸಭೆ ನಡೆಯುವುದೂ ಅದರ ದೊಡ್ಡ ಹಾಲಿನಲ್ಲೇ. ನನಗೆ ಅರುವತ್ತೈದು ದಾಟಿದೆ, ದೇವರು ದೊಡ್ಡವನು.

ಅಧ್ಯಕ್ಷಗಿರಿಯಲ್ಲಿ ಸುಖವೇನೂ ಇಲ್ಲ. ಮೇಲೆ ಹಿಮ ಜಾರಿದರೆ ಅಧ್ಯಕ್ಷನನ್ನು ಕರೆಯುತ್ತಾರೆ, ಕೆಳಗೆ ಚರಂಡಿ ಕಟ್ಟಿದರೂ ಅವನನ್ನೇ ಕರೆಯುತ್ತಾರೆ. ವರ್ಷಕ್ಕೆ ಎರಡು ವಾರ ಬಂದುಹೋಗುವ ಜ್ಯೂರಿಕ್ಕಿನವರು, ನಿಮ್ಮ ಹಸುಗಳ ಕೊರಳಗಂಟೆಯಿಂದ ನಿದ್ದೆ ಬರುತ್ತಿಲ್ಲ ಎಂದು ಅವನ ಮನೆ ಬಾಗಿಲು ಬಡಿಯುತ್ತಾರೆ. ಖಜಾನೆ ನೋಡಿದರೆ, ಹೊಳೆಯ ನೀರಿಗೆ ವಿದ್ಯುತ್ತಿನವರು ಕೊಡುವ ಬಾಡಿಗೆ ಬಿಟ್ಟರೆ ಬೇರೆ ಗತಿಯಿಲ್ಲ. ಸೈನ್ಯ ಬಿಟ್ಟುಹೋದ ಬಂಡೆಯೊಳಗಿನ ಕೋಟೆಯಲ್ಲಿ ಈಗ ಚೀಸು ಮಾಗುತ್ತದೆ. ಶತ್ರು ಬಾರದಿದ್ದರೂ ಇಲಿ ಬರುತ್ತದೆ. ಮಿಕ್ಕಂತೆ, ಮೇಕೆಯೂ ಕಾಲಿಡಲು ಅಂಜುವ ಇಳಿಜಾರಿನಲ್ಲಿ ಹುಲ್ಲು ಕೊಯ್ದದ್ದಕ್ಕೆ ಸರ್ಕಾರ ಸಹಾಯಧನ ಕೊಡುತ್ತದೆ. ಹುಲ್ಲು ಹಸುಗಳಿಗೆ, ಸಹಾಯಧನ ನಮಗೆ.

ನನ್ನ ಹಾಲಿನ ಗೋಡೆಯಲ್ಲಿ ಆಳೆತ್ತರದ ಒಂದು ಮರದ ಹಲಗೆ ಇದೆ. ಅದರ ಮೇಲೆ ಊರಿನ ಅಧ್ಯಕ್ಷರ ಹೆಸರುಗಳನ್ನೆಲ್ಲ ಚಿನ್ನದ ಬಣ್ಣದಲ್ಲಿ ಬರೆಸಿದ್ದಾರೆ. ಮೊದಲ ಹೆಸರು ಕಾಸ್ಪರ್ ಹೆರ್ಗರ್. ಅವನ ಕಾಲದಲ್ಲಿ ಹಿಮಕುಸಿತ ಅರ್ಧ ಊರನ್ನು ಕಣಿವೆಗೆ ಒಯ್ದಿತಂತೆ. ಸರ್ಕಾರದವರು, ಸಾಕು, ಕೆಳಗಿಳಿದು ಬನ್ನಿ ಎಂದರು. ಕಾಸ್ಪರ್ ಇಳಿಯಲಿಲ್ಲ. ಉಳಿದವರನ್ನು ಕಟ್ಟಿಕೊಂಡು ಊರ ನೆತ್ತಿಯ ಮೇಲೆ ಲಾರ್ಚ್ ಮರದ ಸಸಿಗಳನ್ನು ನೆಟ್ಟ. ಇವತ್ತು ನಾವು ಹಿಮಗಾಲದಲ್ಲಿ ಕಾಲು ಚಾಚಿ ಮಲಗುವುದು ಜಾರುವ ಹಿಮವನ್ನು ತಡೆಯಲು ಆ ಕಾಡು ಮೇಲಿದೆ ಎಂಬ ಧೈರ್ಯದಿಂದ. ಹಲಗೆಯಲ್ಲಿ ಮೆಲ್ಕನ ಹೆಸರಿನ ಕೆಳಗೆ ಇನ್ನು ಒಂದೇ ಸಾಲಿನ ಜಾಗ ಉಳಿದಿತ್ತು.

ಒಂದು ಸಾಲು ಸಾಕು ಎಂದು ಊರೂ ತೀರ್ಮಾನಿಸಿದ ಹಾಗಿತ್ತು. ಕಣಿವೆಯ ಟಾಲ್‌ಮಾಟ್ ಪಟ್ಟಣ ನಮ್ಮನ್ನು ತನ್ನೊಳಗೆ ಸೇರಿಸಿಕೊಳ್ಳಲು ಒಪ್ಪಿತ್ತು. ಸೇರಿದರೆ ತೆರಿಗೆ ಕಡಿಮೆ, ಈಜುಕೊಳಕ್ಕೆ ರಿಯಾಯಿತಿ. ಎಲ್ಲಕ್ಕಿಂತ ಮುಖ್ಯವಾಗಿ, ಇನ್ನು ಯಾರೂ ಅಧ್ಯಕ್ಷರಾಗಬೇಕಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ! ಆದರೂ ಎಲ್ಲರಿಗೂ ಒಳಗೊಳಗೇ ಒಪ್ಪಿಗೆ, ನನ್ನನ್ನೂ ಸೇರಿಸಿ. ತೊಡಕು ಒಂದೇ. ಮೆಲ್ಕ್ ಇಳಿದ ಮೇಲೆ ಬರುವ ಹೊಸ ಅಧ್ಯಕ್ಷ ಸಭೆಯ ಒಪ್ಪಿಗೆ ಪಡೆದು ಆ ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು. ಊರು ಮುಚ್ಚಿದವನೆಂದು ಕೊನೆಯ ಸಾಲಿನಲ್ಲಿ ಹೊಳೆಯುವುದು ಯಾರಿಗೂ ಬೇಡವಾಗಿತ್ತು.

ಎಲ್ಲರಿಗಿಂತ ಹೆಚ್ಚಾಗಿ ಬೇಡವಾಗಿದ್ದದ್ದು ಆಂಬ್ರೋಸ್ ಹೆರ್ಗರನಿಗೆ, ಆ ಕಾಸ್ಪರನ ಮರಿಮಗನಿಗೆ. ಹಸು ಸಾಕುವವನು, ಮಾತು ಕಡಿಮೆ. ಸಭೆಗೆ ಒಂದು ವಾರ ಇರುವಾಗ ನನ್ನ ಅಡುಗೆಮನೆಗೆ ಬಂದು, ಕಾಫಿಗೆ ಸೇಬಿನ ಸಾರಾಯಿ ಬೆರೆಸಿಕೊಂಡು ಕೂತ.

"ಈಸ್ಟರ್‌ಗೆ ನಂಗೆ ಅರುವತ್ತೈದು, ಓಟಿಲಿಯಾ. ಇದೊಂದು ಸಭೆ ದಾಟಿದ್ರೆ ಸಾಕು."

"ಯಾರಾದ್ರೂ ಒಬ್ರು ಆಗ್ಲೇಬೇಕಲ್ಲ ಮಾರಾಯ."

"ಆಗ್ಲಿ. ಹೆರ್ಗರ್ ಬೇಡ. ಮೇಲಿನ ಹೆಸರೂ ಹೆರ್ಗರ್, ಕೆಳಗಿನ ಹೆಸರೂ ಹೆರ್ಗರ್ ಆದ್ರೆ ಜನ ಏನಂತಾರೆ? ಮುತ್ತಜ್ಜ ಉಳಿಸಿದ ಊರನ್ನ ಮರಿಮಗ ಹೂತ ಅಂತಾರೆ. ಆ ಮಾತು ಕೇಳ್ಕೊಂಡು ನಂಗೆ ನೆಮ್ಮದಿಯಾಗಿ ಸಾಯಕ್ಕೂ ಆಗಲ್ಲ."

ಹೇಳಿ ಖಾಲಿ ಲೋಟವನ್ನು ನನ್ನತ್ತ ತಳ್ಳಿದ. ನನಗೆ ಪಾಪ ಎನಿಸಿತು. ಇನ್ನೊಂದು ಲೋಟ ಕಾಫಿ ಕೊಟ್ಟು ಕಳಿಸಿದೆ.

ವಿಧಿ ಅವನ ದವಡೆ ಹಲ್ಲಿನಲ್ಲಿ ಕೂತಿತ್ತು. ಎರಡು ದಿನ ಲವಂಗ ಕಚ್ಚಿ ತಡೆದುಕೊಂಡ. ಸಭೆಯ ದಿನ ಬೆಳಿಗ್ಗೆ ಹೆಂಡತಿ ಅಗಾಥಾ, "ಸಭೇಲಿ ಹೀಗೆ ಮುಲುಗ್ತಾ ಕೂತ್ರೆ ನಾನು ನಿನ್ನ ಪಕ್ಕ ಕೂರಲ್ಲ" ಎಂದು ಬೈದು ಟಾಲ್‌ಮಾಟಿನ ಹಲ್ಲಿನ ಡಾಕ್ಟರ ಬಳಿ ಅಟ್ಟಿದಳು. ನಮ್ಮಲ್ಲಿ ಕಣಿವೆಗೆ ಇಳಿಯುವುದು, ಹತ್ತುವುದು ಎಲ್ಲ ಹಗ್ಗದ ಮೇಲೆ ಓಡುವ ತೊಟ್ಟಿಲಲ್ಲಿ. ನಾಲ್ಕು ಜನ ಕೂರಬಹುದು, ಇಲ್ಲವೇ ಇಬ್ಬರು ಮತ್ತು ಒಂದು ಕರು. ಅದನ್ನು ಓಡಿಸುವ ಮೋಟಾರು ಮೇಲಿನ ತುದಿಯಲ್ಲಿದೆ. ಮೋಟಾರಿನ ಉಸ್ತುವಾರಿ ಅಧ್ಯಕ್ಷ ಮೆಲ್ಕನದು.

ಊಟ ಮುಗಿಸಿ ಹಾಲು ಕರೆಯುವುದರೊಳಗೆ ಸಭೆ ಮುಗಿಯಬೇಕು, ಅದು ರೂಢಿ. ಜನ ಬಂದು ತುಂಬಿದರು. ಕಿಟಕಿಯಿಂದ ನೋಡಿದರೆ ತೊಟ್ಟಿಲು ಆಂಬ್ರೋಸನನ್ನು ಹೊತ್ತು ಮೇಲೆ ಬರುತ್ತಿತ್ತು. ಕೊರಕಲಿನ ನಟ್ಟನಡುವೆ ಬಂದದ್ದೇ ತಡ, ಗಕ್ಕನೆ ನಿಂತಿತು. ಸ್ವಲ್ಪ ಹೊತ್ತಿಗೆ ಮೆಲ್ಕ್ ಕೈಯ ಗ್ರೀಸು ಒರೆಸಿಕೊಳ್ಳುತ್ತ ಒಳಗೆ ಬಂದ.

"ಗಾಳಿ ಎದ್ದಿದೆ. ದಕ್ಷಿಣದ ಬಿಸಿಗಾಳಿ. ಗಾಳಿ ಇದ್ರೆ ತೊಟ್ಟಿಲು ಓಡಿಸಬಾರ್ದು, ನಿಯಮ ಅಂದ್ರೆ ನಿಯಮ."

ಬಿಸಿಗಾಳಿ ಎದ್ದರೆ ನಮ್ಮಲ್ಲಿ ಹೆಂಚು ಹಾರುತ್ತದೆ. ಅಂದು ನನ್ನ ಜಗಲಿಯಲ್ಲಿ ಒಣಹಾಕಿದ್ದ ಹಾಸಿಗೆಬಟ್ಟೆಗಳ ಒಂದು ಮೂಲೆಯೂ ಅಲುಗಲಿಲ್ಲ. ಎಲ್ಲರೂ ಆ ಬಟ್ಟೆಗಳನ್ನು ನೋಡಿದರು. ನೋಡಿ, "ಹೌದಪ್ಪ, ಏನು ಗಾಳಿ!" ಎಂದರು. ಒಬ್ಬಾತ ಕೋಟಿನ ಗುಂಡಿಯನ್ನೂ ಹಾಕಿಕೊಂಡ. ನಾನೂ ಬಾಯಿ ಬಿಡಲಿಲ್ಲ. ಚುನಾವಣೆ ಬೇಗ ಮುಗಿದರೆ ಬಿಯರ್ ಬೇಗ ಶುರುವಾಗುತ್ತದೆ.

ಮೆಲ್ಕ್ ಗಂಟೆ ಬಾರಿಸಿದ. ಕೊರಳಗಂಟೆಯೇ ಅದು, ಸತ್ತುಹೋದ ಒಂದು ಒಳ್ಳೆಯ ಹಸುವಿನದು. "ಅಧ್ಯಕ್ಷರ ಆಯ್ಕೆ. ಹೆಸರು ಹೇಳಿ."

ಚೀಸು ಮಾಡುವ ಡೊಮಿನಿಕ್ ಗಾಮ್ಮಾ ಎದ್ದ. ಇಂಥ ಕೆಲಸಕ್ಕೆ ಅವನು ಸದಾ ಮುಂದು. "ಆಂಬ್ರೋಸಣ್ಣನ ಹೆಸರು ಹೇಳ್ತೀನಿ. ಯೋಗ್ಯ ಮನುಷ್ಯ. ದೊಡ್ಡ ಮನೆತನ. ಸದ್ಯಕ್ಕೆ ನಮ್ಮೆಲ್ಲರ ಕೈಗೂ ಸಿಗದಷ್ಟು ಎತ್ತರದಲ್ಲಿದಾನೆ."

ಹಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆಗ ಅಗಾಥಾಳ ಚೀಲದಲ್ಲಿ ಮೊಬೈಲು ಕೂಗತೊಡಗಿತು. ಕಿಟಕಿಯಾಚೆ, ತೊಟ್ಟಿಲಿನ ಗಾಜಿನ ಹಿಂದೆ, ಆಂಬ್ರೋಸ್ ಒಂದು ಕೈಯಲ್ಲಿ ಮೊಬೈಲು ಹಿಡಿದು ಇನ್ನೊಂದು ಕೈಯನ್ನು ಜೋರಾಗಿ ಬೀಸುತ್ತಿದ್ದ. ಅಗಾಥಾ ಮೊಬೈಲು ತೆಗೆದು ನೋಡಿದಳು. ಬಾಯಿ ಮುಚ್ಚಿಸಿ ಮತ್ತೆ ಚೀಲಕ್ಕೆ ಹಾಕಿದಳು.

"ನೀನೇನಂತೀಯಾ ಅಗಾಥಾ?" ಮೆಲ್ಕ್ ಕೇಳಿದ.

"ಮದುವೆ ಆದಾಗಿಂದ ಒಲೆ ಮುಂದೆ ಕೂತು ಊರು ಹೆಂಗೆ ನಡೀಬೇಕು ಅಂತ ನಂಗೊಬ್ಳಿಗೇ ಭಾಷಣ ಮಾಡಿದಾನೆ. ಇನ್ಮೇಲೆ ನಿಮಗೂ ಮಾಡ್ಲಿ" ಎಂದು ಅವಳೇ ಮೊದಲು ಕೈ ಎತ್ತಿದಳು.

ಆಮೇಲೆ ಎತ್ತದ ಕೈ ಯಾವುದು? ಕಿಟಕಿಯಾಚೆ ಆಂಬ್ರೋಸನ ಬೀಸುವ ಕೈಯೂ ಮೇಲೆಯೇ ಇತ್ತು. "ಅವನೂ ಒಪ್ಪಿದ ನೋಡಿ!" ಎಂದ ಗಾಮ್ಮಾ.

ಮೆಲ್ಕ್ ಓಡಿದ. ಅವನು ಮೋಟಾರು ಮುಟ್ಟುವ ಮೊದಲೇ ಗಾಳಿ ಅಡಗಿತಂತೆ. ನಾವೆಲ್ಲ ಬಿಳಿ ವೈನಿನ ಬಾಟಲಿ ಹಿಡಿದು ತೊಟ್ಟಿಲು ನಿಲ್ಲುವ ಕಟ್ಟೆಗೆ ಹೋದೆವು. ಮದುವೆಯ ದಿಬ್ಬಣಕ್ಕೂ ಅಷ್ಟು ಸಂಭ್ರಮ ಇರಲಿಕ್ಕಿಲ್ಲ. ಬಾಗಿಲು ತೆರೆಯಿತು. ಆಂಬ್ರೋಸ್ ಇಳಿದ. ಒಂದು ಕೆನ್ನೆ ಬನ್ನಿನಂತೆ ಊದಿತ್ತು, ಬಾಯಲ್ಲಿ ಹತ್ತಿ.

"ಬನ್ನಿ ಅಧ್ಯಕ್ಷರೇ, ಬನ್ನಿ!" ಎಂದ ಗಾಮ್ಮಾ.

ಆಂಬ್ರೋಸ್ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಅಗಾಥಾಳನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದ. ಅವಳು ಕೊರಳ ವಸ್ತ್ರ ಸರಿಮಾಡಿಕೊಂಡಳು. ಆ ಕಣ್ಣು ನನ್ನ ಮೇಲೆ ಬಿದ್ದಾಗ, ಅಡುಗೆಮನೆಯಲ್ಲಿ ಅವನು ಆಡಿದ ಮಾತು ನೆನಪಾಗಿ ನನಗೆ ನೆಲಕ್ಕೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಅಳುತ್ತಾನೋ ಹೊಡೆಯುತ್ತಾನೋ ಎಂದು ಕಾದೆವು. ಅವನು ಹತ್ತಿಯನ್ನು ಪಕ್ಕಕ್ಕೆ ಉಗಿದ.

"ಸಭೆ ಮುಗಿಸಿದ್ರಾ?"

ಮೆಲ್ಕ್ ತಬ್ಬಿಬ್ಬಾದ. ಖುಷಿಯಲ್ಲಿ ಮುಗಿಸುವುದನ್ನು ಮರೆತಿದ್ದ. "ಇಲ್ಲ... ಒಪ್ಪಂದದ ವಿಷಯ ಇದೆ. ಅದಕ್ಕೇನು, ಎರಡು ನಿಮಿಷ."

"ಹಂಗಾದ್ರೆ ಒಳಗೆ ನಡೀರಿ."

ಮತ್ತೆ ಕೂತೆವು. ಆಂಬ್ರೋಸ್ ಮೆಲ್ಕನ ಕೈಯಿಂದ ಗಂಟೆ ಕಿತ್ತುಕೊಂಡು ಹಲಗೆಯ ಕೆಳಗೆ ನಿಂತ. ಮಾತು ಸೊಟ್ಟ ಬಾಯಿಂದ ನಿಧಾನವಾಗಿ ಬರುತ್ತಿತ್ತು.

"ಹೋಬೋಡನ್ ಟಾಲ್‌ಮಾಟ್‌ಗೆ ಸೇರೋ ಒಪ್ಪಂದ. ನೀವು ಹಾಕು ಅಂದ್ರೆ ನಾನು ಸಹಿ ಹಾಕ್ಬೇಕು. ಹಾಕ್ತೀನಿ. ಈ ಕೊನೇ ಸಾಲಲ್ಲಿ ನನ್ನ ಹೆಸರೂ ಬರೆಸಿ, ಬೇಡ ಅನ್ನಲ್ಲ. ಆದ್ರೆ ಒಂದು ಮಾತು. ಇದರ ಕೆಳಗೆ ನನ್ನ ಖರ್ಚಲ್ಲಿ ಇನ್ನೊಂದು ಹಲಗೆ ಜೋಡಿಸ್ತೀನಿ. ಈಗ ಯಾರ್ಯಾರು ಕೈ ಎತ್ತೀರೋ ಅವರ ಹೆಸರೆಲ್ಲ ಅದರ ಮೇಲೆ ಬರೆಸ್ತೀನಿ, ಇದೇ ಚಿನ್ನದ ಬಣ್ಣದಲ್ಲಿ. ಮೇಲ್ಗಡೆ 'ಊರು ಮುಚ್ಚಿದವರು' ಅಂತ. ಮೊಮ್ಮಕ್ಕಳು ಇಲ್ಲಿಗೆ ಊಟಕ್ಕೆ ಬಂದಾಗ ಓದ್ಕೊಳ್ಲಿ."

ಗಾಮ್ಮಾ ಗಂಟಲು ಸರಿಮಾಡಿಕೊಂಡ. "ಚೀಟಿ ಹಾಕ್ಬಹುದಲ್ವಾ ಆಂಬ್ರೋಸಣ್ಣ? ಗುಟ್ಟಾಗಿ?"

"ನನ್ನ ಆರಿಸೋವಾಗ ಚೀಟಿ ಹಾಕಿದ್ರಾ ಗಾಮ್ಮಾ? ನಾನು ತೊಟ್ಟಿಲಿಂದ ಎಲ್ಲಾ ನೋಡ್ತಿದ್ದೆ. ಎಷ್ಟು ಚೆನ್ನಾಗಿ ಎತ್ತಿದ್ರಿ ಕೈನಾ! ಈಗ್ಲೂ ಹಂಗೇ ಎತ್ತಿ. ಒಪ್ಪೋರು?"

ಈಜುಕೊಳದ ರಿಯಾಯಿತಿಗೆಂದು ಹೊಸ ಈಜುಡುಗೆ ಕೊಂಡಿದ್ದವರಿಗೆ ಆಗ ಹಲಗೆ ಬಿಟ್ಟು ಬೇರೇನೂ ಕಾಣಲಿಲ್ಲ. ಮೆಲ್ಕ್ ತನ್ನ ಎರಡೂ ಕೈಗಳನ್ನು ತೊಡೆಯಡಿ ಹಾಕಿಕೊಂಡು ಕೂತ. ಅಗಾಥಾ ಚೀಲದಲ್ಲಿ ಏನನ್ನೋ ಹುಡುಕಿದಳು. ನನ್ನ ಕೈ, ಸುಳ್ಳೇಕೆ ಹೇಳಲಿ, ಕಿವಿಯವರೆಗೆ ಎದ್ದಿತ್ತು. ಅಲ್ಲಿಂದ ಕೂದಲು ಸರಿಮಾಡಿಕೊಂಡು ವಾಪಸು ಬಂತು.

"ಒಪ್ಪದೋರು?"

ಎಲ್ಲರ ಕೈ ಒಮ್ಮೆಲೇ ಮೇಲೆದ್ದು ಹಾಲಿನ ಸೂರೇ ಎದ್ದ ಹಾಗಾಯಿತು. ಗಾಮ್ಮಾ ಎರಡು ಕೈ ಎತ್ತಿದ, ಒಂದು ಲೆಕ್ಕಕ್ಕೆ, ಇನ್ನೊಂದು ಆಂಬ್ರೋಸನಿಗೆ ಕಾಣಲಿ ಎಂದು.

ಅದೇ ಪತ್ರಿಕೆಯವನು ಮತ್ತೆ ಬಂದ. ಹಿರಿಯರು ಕಟ್ಟಿದ ಊರನ್ನು ಬೆಟ್ಟದ ಜನ ಒಕ್ಕೊರಲಿನಿಂದ ಉಳಿಸಿಕೊಂಡರು, ಒಂದು ಕೈಯೂ ಹಿಂಜರಿಯಲಿಲ್ಲ ಎಂದು ಈ ಸಲ ಪುಟ ಪೂರ್ತಿ ಬರೆದ. ಅದನ್ನೂ ಕತ್ತರಿಸಿ ಅಂಟಿಸಿದ್ದೇವೆ. ಓದಿದಾಗಲೆಲ್ಲ ನಮ್ಮ ಧೈರ್ಯಕ್ಕೆ ನಮಗೇ ಮೈ ಜುಂ ಎನ್ನುತ್ತದೆ. ಹೇಡಿತನದಿಂದ ಉಳಿದರೂ ಊರು ಊರೇ. ಉಳಿಯಿತಲ್ಲ ಎಂದು ನನಗೆ ನಿಜವಾಗಿ ಸಂತೋಷವಿದೆ.

ಕೊನೆಯ ಸಾಲಿನಲ್ಲಿ ಆಂಬ್ರೋಸ್ ಹೆರ್ಗರ್ ಎಂದು ಬರೆಸಿದರು. ಅವನು ಕೊಟ್ಟ ಮಾತು ತಪ್ಪಲಿಲ್ಲ. ಮುತ್ತಜ್ಜ ನೆಟ್ಟ ಕಾಡಿನಲ್ಲಿ ಗಾಳಿಗೆ ಬಿದ್ದಿದ್ದ ಒಂದು ಲಾರ್ಚ್ ಮರವನ್ನು ಸೀಳಿಸಿ, ಹೊಸ ಹಲಗೆ ಮಾಡಿಸಿ, ತನ್ನ ಹೆಸರಿನ ಕೆಳಗೆ ಜೋಡಿಸಿದ. ಬರೆಯುವುದಕ್ಕೆ ಏನೂ ಇರಲಿಲ್ಲವಾದ್ದರಿಂದ ಅದು ಖಾಲಿಯೇ ಇದೆ. ಇಪ್ಪತ್ತು ಹೆಸರಿಗಾದರೂ ಜಾಗವಿದೆ.

ಈಗ ಸಭೆಯ ದಿನ ನನ್ನ ಹಾಲಿನಲ್ಲಿ ಆ ಖಾಲಿ ಹಲಗೆಗೆ ಬೆನ್ನು ಹಾಕಿ ಕೂರುವ ಕುರ್ಚಿಗಳಿಗೆ ಬೆಳಿಗ್ಗೆಯಿಂದಲೇ ಜಗಳ. ಅದಕ್ಕೆ ಎದುರಾಗಿ ಕೂರುವವನು ಆಂಬ್ರೋಸ್ ಒಬ್ಬನೇ.